ಬಾಲ ಬಿಡುವ ಮಾನಿಟರ್

ಜೂನ್ 3

ಅಕ್ಕಾ,

ಚೆನ್ನಾಗಿದ್ದೀಯಾ ಎಂದು ಕೇಳಿದರೆ ಚೆನ್ನಾಗಿದ್ದೇನೆ ಎಂದೇ ಬರೆಯುವವಳು ನೀನು. ಅದಕ್ಕೇ ಕೇಳುವುದಿಲ್ಲ. ನಿನ್ನ ದ್ವೀಪಕ್ಕೆ ಫೋನು ಸಿಗದು, ಹವಾಮಾನ ಕೇಂದ್ರದ ರೇಡಿಯೋದಲ್ಲಿ ಮನೆ ಮಾತು ಆಡುವ ಹಾಗಿಲ್ಲ, ಉಳಿದದ್ದು ದೋಣಿಯಲ್ಲಿ ಬರುವ ಈ ಕಾಗದ ಒಂದೇ. ಅಪ್ಪ ಹೋದ ಮೇಲೆ ನಾನು ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು ಎಂಬುದು ನನಗೂ ಗೊತ್ತು.

ವಿಷಯ ಏನೆಂದರೆ, ಅಪ್ಪನ ಮಂಚದ ಕೆಳಗಿದ್ದ ಕಂಪ್ಯೂಟರನ್ನು ಹೊರಗೆಳೆದೆ. ಅಪ್ಪ ಕೆಲಸಕ್ಕಿದ್ದ ಮುದ್ರಣದ ಪ್ರೆಸ್ಸಿನವರು ಹಳತಾಯಿತೆಂದು ಅಪ್ಪನ ಕೈಗೆ ಕೊಟ್ಟು ಕಳಿಸಿದ್ದರಲ್ಲ, ಅದೇ. ಧೂಳು ಕೊಡವಿ ಸ್ವಿಚ್ಚು ಒತ್ತಿದರೆ ಒಂದು ಸಲ ಕೆಮ್ಮಿ ಎದ್ದು ಕೂತಿತು! ಆದರೆ ಮಾನಿಟರ್ ಹೋಗಿದೆ. ಗಾಜಿಗೆ ಈ ಮೂಲೆಯಿಂದ ಆ ಮೂಲೆಗೆ ಬಿರುಕು. ಹಿಂದೆ ಅಂಟಿಸಿದ್ದ ಚೀಟಿ ಉದುರಿಹೋಗಿ ಯಾವ ಕಂಪನಿಯದು, ಯಾವ ಅಳತೆಯದು ಎಂದೂ ತಿಳಿಯುವುದಿಲ್ಲ. ಆಗಿನ ಕಾಲಕ್ಕೆ ಚಪ್ಪಟೆ ಮಾನಿಟರ್ ಎಂದರೆ ಬೀದಿಯವರೆಲ್ಲ ಬಂದು ನೋಡಿ ಹೋಗಿದ್ದರು. ನಾನು ಐದು ವರ್ಷದವನು, ನನಗೆ ನೆನಪಿಲ್ಲ. ನಿನಗೆ ಹದಿಮೂರು. ನಿನಗೆ ನೆನಪಿರಬೇಕು.

ಅದೇ ಥರದ್ದೊಂದು ಹಳೆಯ ಮಾನಿಟರ್ ಹುಡುಕಿ, ನಮ್ಮ ಗಣಿ ಆಟ ಹಾಕಬೇಕು ಎಂದಿದ್ದೇನೆ. ಕತ್ತಲೆ ಸುರಂಗದಲ್ಲಿ ಲಾಟೀನು ಹಿಡಿದು ಓಡುವವನು ನೀನು, ಹಿಂದೆ ಇನ್ನೊಂದು ಮಂದ ಲಾಟೀನು ಹಿಡಿದು ಓಡುವವನು ನಾನು. ದಾರಿಯುದ್ದಕ್ಕೂ ಮೇಲಿನಿಂದ ಬಡಿಯುವ ದೊಡ್ಡ ಸುತ್ತಿಗೆಗಳು, ಮೂರನೆಯ ಸುತ್ತಿಗೆಯ ಕೆಳಗೆ ಪ್ರತಿ ಸಲ ಅಪ್ಪಚ್ಚಿ. ಸುತ್ತಿಗೆ ಮೇಲೇಳುವ ತನಕ ಒಂದು ಗಳಿಗೆ ನಿಂತಿದ್ದರೆ ಸಾಕಿತ್ತು. ಆದರೆ ನೀನು ದುಡುಕಿ, ನಿನ್ನದು ನಿಲ್ಲುವ ಜಾಯಮಾನವೇ ಅಲ್ಲ. ನಿನ್ನಿಂದಾಗಿ ಆ ಆಟ ಇವತ್ತಿಗೂ ಮುಗಿದಿಲ್ಲ.

ನವೆಂಬರಿನಲ್ಲಿ ನಿನಗೆ ರಜೆ ಬರುತ್ತದಲ್ಲ. ಬಂದುಬಿಡು. ಆ ಸುತ್ತಿಗೆ ದಾಟೋಣ. ಮನೆಯಲ್ಲಿ, ಮುಂದಿನ ಕೋಣೆಯ ನನ್ನ ಅಂಗಡಿಯಿಂದ ಬರುವ ಕನ್ನಡಕದ ಗಾಜು ಉಜ್ಜುವ ಯಂತ್ರದ ಸದ್ದು ಬಿಟ್ಟರೆ ಬೇರೆ ಸದ್ದೇ ಇಲ್ಲ. ಅದನ್ನು ಆರಿಸಲು ಬೇಜಾರಾಗಿ ಊಟದ ಹೊತ್ತಿಗೂ ಓಡಲು ಬಿಟ್ಟಿರುತ್ತೇನೆ.

ನಿನ್ನ
ಬಾಲ


ಜೂನ್ 27

ಬಾಲಾ,

ಕಾಗದ ಬಂತು. ಮೇಲೆ ನಿನ್ನ ಅಕ್ಷರ ನೋಡಿ, ಗಾಳಿಯ ಲೆಕ್ಕ ಬರೆದು ಮುಗಿಸುವ ತನಕ ಒಡೆಯದೆ ಇಟ್ಟುಕೊಂಡಿದ್ದೆ. ಬೈದಿರುತ್ತೀಯ ಎಂದುಕೊಂಡೆ. ಮಾನಿಟರ್ ಕೇಳಿದ್ದೀಯ.

ಕಂಪನಿ ನೆನಪಿಲ್ಲ. ಬೂದು ಬಣ್ಣ, ದಪ್ಪ ಅಂಚು, ನೀಲಿ ಮೂತಿಯ ಕೇಬಲ್ಲು. ಹಚ್ಚಿದ ಮೇಲೆ ಬೆಳಕು ಬರಲು ಸ್ವಲ್ಪ ಹೊತ್ತು ಹಿಡಿಯುತ್ತಿತ್ತು, ಅಪ್ಪ ಅಷ್ಟರಲ್ಲಿ ಕಾಫಿ ತರುತ್ತಿದ್ದರು. ಹದಿನೈದು ಇಂಚು ಇರಬೇಕು. ಈಗಿನ ಅಗಲದ್ದನ್ನು ತರಬೇಡ. ಆ ಆಟ ಹೆಚ್ಚುಕಡಿಮೆ ಚೌಕದ ಪರದೆಗೆ ಬರೆದದ್ದು. ತೀರಾ ದೊಡ್ಡದೂ ಬೇಡ. ಆಟದ ಚುಕ್ಕಿ ಕಡಿಮೆ, ಪರದೆಯ ಚುಕ್ಕಿ ಜಾಸ್ತಿ ಆದರೆ ಅಕ್ಷರವೆಲ್ಲ ಬೇರೆಯವರ ಅಂಗಿ ತೊಟ್ಟ ಹಾಗೆ ಜೋಲುತ್ತವೆ.

ಇಲ್ಲಿ ನಾನು ಮತ್ತು ದೀಪಸ್ತಂಭದ ಮೇಸ್ತ್ರಿ, ಇಬ್ಬರೇ. ಅವರಿಗೆ ಮಾತು ಕಡಿಮೆ, ನನಗೂ ಅಷ್ಟೆ, ಹಾಗಾಗಿ ಜಗಳವಿಲ್ಲ. ರಜೆಯ ವಿಚಾರ ಆಮೇಲೆ ನೋಡೋಣ. ನವೆಂಬರ್ ದೂರ ಇದೆ.

ಯಂತ್ರ ಆರಿಸಿ ಊಟ ಮಾಡು.

ಅಕ್ಕ


ಜುಲೈ 19

ಅಕ್ಕಾ,

ನಿನ್ನ ಕಾಗದ ಬರುವ ಹೊತ್ತಿಗೆ ನಾನು ಅಗಲದ್ದನ್ನೇ ತಂದು ಕೂರಿಸಿ ಆಗಿತ್ತು. ನಗಬೇಡ.

ಬಸ್ ನಿಲ್ದಾಣದ ಹಿಂದೆ ಹಳೆಯ ಸಾಮಾನಿನ ಅಂಗಡಿ ಇದೆ. ಅವನ ಹೆಸರು ಯಾರಿಗೂ ಗೊತ್ತಿಲ್ಲ, ಎಲ್ಲರೂ ಗ್ಯಾರಂಟಿಯಣ್ಣ ಎನ್ನುತ್ತಾರೆ, ಏಕೆಂದರೆ ಯಾವ ವಸ್ತು ಎತ್ತಿಕೊಂಡರೂ ಮೊದಲು ಇದಕ್ಕೆ ಗ್ಯಾರಂಟಿ ಇಲ್ಲ ಎಂದೇ ಬಾಯಿ ತೆರೆಯುವವನು. ಅವನ ಮಾತಿಗೆ ಮರುಳಾಗಿ ಹೊಳೆಯುವ ಅಗಲದ ಮಾನಿಟರ್ ತಂದೆ. ಆಟ ಹಾಕಿದೆ. ನಮ್ಮ ಗಣಿಯವನು ಮದುವೆ ಊಟ ಹೊಡೆದು ಬಂದವನ ಹಾಗೆ ಅಡ್ಡಡ್ಡ ಬೆಳೆದಿದ್ದಾನೆ. ಲಾಟೀನು ಕುಂಬಳಕಾಯಿ. ಒಬ್ಬನೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಕ್ಕು ಮುಗಿದ ಮೇಲೆ ಪಕ್ಕಕ್ಕೆ ತಿರುಗಿದೆ. ಆ ಅಭ್ಯಾಸ ಇನ್ನೂ ಹೋಗಿಲ್ಲ, ಅಪ್ಪನ ಕುರ್ಚಿ ಇನ್ನೂ ಅಲ್ಲೇ ಇದೆ.

ನಾಳೆ ವಾಪಸು ಕೊಟ್ಟು ಚೌಕದ್ದು ತರುತ್ತೇನೆ. ಯಾವುದೋ ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ ಇದ್ದದ್ದು ಬಂದಿದೆಯಂತೆ.

ರಜೆಗೆ ಅರ್ಜಿ ಹಾಕಿದೆಯಾ?

ಬಾಲ


ಆಗಸ್ಟ್ 22

ಅಕ್ಕಾ,

ಎರಡು ದೋಣಿ ಬಂದು ಹೋದವು, ನಿನ್ನ ಕಾಗದವಿಲ್ಲ. ಅಂಚೆಯಣ್ಣ ನನ್ನ ಮುಖ ಕಂಡರೆ ದೂರದಿಂದಲೇ ಕೈ ಆಡಿಸುತ್ತಾನೆ.

ಆಸ್ಪತ್ರೆಯ ಮಾನಿಟರ್ ಬಂತು. ಎಷ್ಟು ಸ್ಪಷ್ಟ ಅಂತೀಯ! ಕಲ್ಲಿನ ಗೋಡೆಯ ಒಂದೊಂದು ಚುಕ್ಕಿಯೂ ಕೆತ್ತಿಟ್ಟ ಹಾಗಿದೆ. ದಿನವಿಡೀ ಕಂಡವರ ಕಣ್ಣಿಗೆ ಸ್ಪಷ್ಟ ಕಾಣಿಸುವ ಕೆಲಸ ಮಾಡುವವನು ನಾನು, ನನಗೆ ಇದರ ಬೆಲೆ ಗೊತ್ತಾಗುತ್ತದೆ. ಅಳತೆ ಸರಿ, ಆಕಾರ ಸರಿ, ಕೇಬಲ್ಲಿನ ಮೂತಿಯೂ ನೀಲಿ.

ಆದರೆ ನನ್ನವನು ಇಲ್ಲ.

ನಿನ್ನವನು ಲಾಟೀನು ಹಿಡಿದು ಓಡುತ್ತಾನೆ. ಅವನ ಹಿಂದೆ ಬರೀ ಕತ್ತಲೆ. ಇಬ್ಬರು ಆಡುವ ಆಯ್ಕೆ ಎಲ್ಲಾದರೂ ಇದೆಯೇ ಎಂದು ಮೊದಲ ಪುಟವನ್ನೆಲ್ಲ ತಡಕಾಡಿದೆ, ಇಲ್ಲ. ಇನ್ನೊಂದು ವಿಚಿತ್ರ. ಈ ಕಂಪ್ಯೂಟರಿಗೆ ಕೀಬೋರ್ಡ್ ಸಿಕ್ಕಿಸುವ ಜಾಗ ಇರುವುದೇ ಒಂದು. ನಿನ್ನದು ಕಪ್ಪು, ನನ್ನದು ಅಂಚು ಮುರಿದ ಬಿಳಿಯದು, ಎರಡೂ ಪೆಟ್ಟಿಗೆಯಲ್ಲಿವೆ. ನನ್ನದನ್ನು ಆಗ ಎಲ್ಲಿ ಸಿಕ್ಕಿಸುತ್ತಿದ್ದೆವು?

ಮೂರನೆಯ ಸುತ್ತಿಗೆಯ ಹತ್ತಿರ ಹೋಗಲಿಲ್ಲ. ನೀನಿಲ್ಲದೆ ದಾಟುವುದಿಲ್ಲ ಎಂದು ಎರಡನೆಯದರ ಬಳಿಯೇ ಆರಿಸಿದೆ. ಅಕ್ಕಾ, ಇದಕ್ಕಾದರೂ ಬೇಗ ಉತ್ತರ ಬರಿ. ಎಲ್ಲೋ ಏನೋ ತಪ್ಪು ಸಿಕ್ಕಿಸಿದ್ದೇನೆ.

ಬಾಲ


ಸೆಪ್ಟೆಂಬರ್ 14

ಬಾಲಾ,

ಸಮುದ್ರ ಕೆಟ್ಟಿತ್ತು, ದೋಣಿ ದ್ವೀಪದ ದಡ ಮುಟ್ಟಲಾಗದೆ ಹಾಗೇ ವಾಪಸು ಹೋಯಿತು. ನಿನ್ನ ಎರಡು ಕಾಗದ ಒಟ್ಟಿಗೆ ಸಿಕ್ಕವು.

ದೀಪಸ್ತಂಭವನ್ನು ಇನ್ನು ಮುಂದೆ ದಡದಿಂದಲೇ ನಡೆಸುತ್ತಾರಂತೆ. ಮೇಸ್ತ್ರಿಯನ್ನು ಕರೆಸಿಕೊಂಡರು. ಹೋಗುವಾಗ ತಮ್ಮ ಸ್ಟೂಲು ಬಿಟ್ಟುಹೋದರು, ಮಳೆಯ ಅಳತೆ ನೋಡಲು ನನಗೆ ಕೈ ಎಟಕುವುದಿಲ್ಲ ಎಂದು ಗೊತ್ತಿತ್ತು ಅವರಿಗೆ. ಈಗ ಬೆಳಿಗ್ಗೆ ರೇಡಿಯೋದಲ್ಲಿ ಗಾಳಿ, ಒತ್ತಡ, ಮೋಡ ಓದಿ ಹೇಳುತ್ತೇನಲ್ಲ, ಆ ದಿನದ ಮಾತು ಅಷ್ಟೇ. ಆ ಕಡೆಯವನು ಸರಿ ಎನ್ನುತ್ತಾನೆ. ಮೊನ್ನೆ ಅವನಿಗೆ ನೆಗಡಿಯಾಗಿತ್ತು, ಹುಷಾರು ಎಂದೆ. ಅದಕ್ಕೂ ಸರಿ ಎಂದ.

ಮಾನಿಟರಿನ ಕೇಬಲ್ಲು ಬದಲಿಸಿ ನೋಡು. ಸ್ಕ್ರೂ ಬಿಗಿಯಾಗಿ ಹಾಕು.

ರಜೆಗೆ ಅರ್ಜಿ ಕಳಿಸಿದ್ದೇನೆ.

ಅಕ್ಕ


ಅಕ್ಟೋಬರ್ 8

ಅಕ್ಕಾ,

ಕೇಬಲ್ಲು ಬದಲಿಸಿದೆ. ಸ್ಕ್ರೂ ಬಿಗಿ ಮಾಡಿದೆ. ಕಡೆಗೆ ಕಂಪ್ಯೂಟರನ್ನೇ ಕಂಕುಳಲ್ಲಿ ಇಟ್ಟುಕೊಂಡು ಗ್ಯಾರಂಟಿಯಣ್ಣನ ಅಂಗಡಿಗೆ ಹೋದೆ. ನೀನು ಮಾರಿದ ಮಾನಿಟರಿನಲ್ಲಿ ಒಬ್ಬ ಮನುಷ್ಯ ಕಾಣಿಸುತ್ತಿಲ್ಲ ಎಂದೆ. ಅವನು ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದ. ಮೊದಲು ಕಂಪ್ಯೂಟರಿನ ಮೆಮೊರಿ ಹೋಗಿದೆ ಎಂದ, ಆಮೇಲೆ ವೈರಸ್ ಎಂದ. ಎರಡೂ ಸುಳ್ಳು. ನಾನು ಇಡೀ ಕಥೆ ಹೇಳಿದೆ, ಮುಂದೆ ಪ್ರಕಾಶವಾದ ಲಾಟೀನು, ಹಿಂದೆ ಮಂದವಾದದ್ದು ಎಂದು. ಅವನು ಗಡ್ಡ ಕೆರೆದುಕೊಂಡು ಒಳಗಿನಿಂದ ಒಂದು ಹಳೇ ಚಪ್ಪಟೆ ಮಾನಿಟರ್ ತಂದು ಹಚ್ಚಿದ. ಅದು ಹಳದಿ ತಿರುಗಿದ್ದು, ಸ್ಟ್ಯಾಂಡ್ ಮುರಿದದ್ದು. ಮೌಸ್ ಹಿಡಿದು ಬಾಣದ ಗುರುತನ್ನು ಸರ್ರನೆ ಅಡ್ಡ ಎಳೆದ. ಬಾಣದ ಹಿಂದೆ ಮಸುಕು ಮಸುಕಾಗಿ ಇನ್ನೊಂದು ಬಾಣ ಓಡಿತು.

"ಇದಾ ನಿಮ್ಮ ಮನುಷ್ಯ? ಮೊದಮೊದಲು ಬಂದ ಚಪ್ಪಟೆ ಮಾನಿಟರ್‌ಗಳು ತುಂಬ ನಿಧಾನ ಸ್ವಾಮಿ. ಓಡೋದು ಮುಂದೆ ಹೋಗಿಬಿಟ್ಟಿರತ್ತೆ, ಇದು ಇನ್ನೂ ಹಿಂದಿನದನ್ನೇ ಅಳಿಸ್ತಾ ಕೂತಿರತ್ತೆ. ಬಾಲ ಬಿಡತ್ತೆ ಅಂತೀವಿ ನಾವು."

ಬಾಲ ಎಂದ, ಅಕ್ಕಾ. ಅವನಿಗೆ ನನ್ನ ಅಡ್ಡಹೆಸರು ಗೊತ್ತಿಲ್ಲ.

ನಾನು ಇಷ್ಟು ವರ್ಷ ಏನೆಂದುಕೊಂಡಿದ್ದೆ ಗೊತ್ತಾ? ನಿನ್ನ ಹಿಂದೆ ಹಿಂದೆ ತಿರುಗುತ್ತಿದ್ದೆನಲ್ಲ, ಅದಕ್ಕೆ ಆ ಹೆಸರು ಬಿತ್ತು ಎಂದು. ಮನೆಗೆ ಬಂದು ಬಿಳಿ ಕೀಬೋರ್ಡನ್ನು ತೆಗೆದು ನೋಡಿದೆ. ಅದರ ತಂತಿಯ ತುದಿಗೆ ಮೂತಿಯೇ ಇಲ್ಲ, ಕತ್ತರಿಸಿದ್ದಾರೆ. ಆಗೆಲ್ಲ ಮೇಜಿನ ಹಿಂದೆ ಇಳಿದು ಅದು ಸುಮ್ಮನೆ ನೇತಾಡುತ್ತಿತ್ತು. ನಾನು ಬೆರಳು ನೋಯುವ ತನಕ ಗಾಳಿಗೆ ಗುದ್ದುತ್ತಿದ್ದೆ. ಶಾಲೆಯಲ್ಲಿ ಎಲ್ಲರ ಹತ್ತಿರ ಕೊಚ್ಚಿಕೊಂಡಿದ್ದೆ, ನಮ್ಮಕ್ಕ ಎಲ್ಲಿ ಹೋದರೂ ನನ್ನನ್ನು ಬಿಟ್ಟು ಹೋಗುವುದಿಲ್ಲ, ಗಣಿಯೊಳಗೂ ಸಹ ಎಂದು.

ಸಣ್ಣ ವಿಷಯ, ಗೊತ್ತು. ಮೂವತ್ತು ದಾಟಿದವನು ಇದಕ್ಕೆ ಮುಖ ಊದಿಸಿಕೊಂಡು ಕೂರಬಾರದು. ಆದರೂ ಈ ಮನೆಯಲ್ಲಿ ಈಗ ನನಗೆ ಜೊತೆ ಅಂತ ಇದ್ದದ್ದು ಆ ಒಂದು ನೆನಪು. ಅದರಲ್ಲೂ ನಾನು ಇರಲೇ ಇಲ್ಲ ಎಂದರೆ ಹೇಗೆ? ಒಂದು ದಿನವಾದರೂ ನಾನು ನಿಜವಾಗಿ ಆಡಿದ್ದೇನಾ, ಹೇಳು.

ನವೆಂಬರಿಗೆ ಬರುತ್ತೀಯೋ ಇಲ್ಲವೋ ಅದನ್ನೂ ಹೇಳು.

(ಸಹಿ ಏನು ಹಾಕಲಿ?)


ಅಕ್ಟೋಬರ್ 30

ಬಾಲಾ,

ಅದೇ ನಿನ್ನ ಹೆಸರು. ಅದನ್ನೇ ಹಾಕು.

ಕಂಪ್ಯೂಟರ್ ಮನೆಗೆ ಬಂದ ದಿನ ನೀನು ನಿನಗೂ ಬೇಕು ಎಂದು ನೆಲದ ಮೇಲೆ ಹೊರಳಾಡಿ ಅತ್ತೆ. ಆಟ ಒಬ್ಬರಿಗೇ. ಅಪ್ಪ ಪ್ರೆಸ್ಸಿನಿಂದ ಕೆಟ್ಟ ಕೀಬೋರ್ಡ್ ತಂದುಕೊಟ್ಟರು. ನೀನು ಒತ್ತಿದೆ, ಏನೂ ಆಗಲಿಲ್ಲ, ಮತ್ತೆ ಅಳು. ಆಗ ನನ್ನ ಓಡುವವನ ಹಿಂದಿನ ಮಸುಕನ್ನು ನೀನೇ ಬೆರಳಿಟ್ಟು ತೋರಿಸಿ, "ಇವನ್ಯಾರು?" ಎಂದು ಕೇಳಿದೆ. "ಅದು ನೀನು ಕಣೋ, ನನ್ನ ಬಾಲ" ಎಂದೆ. ಆವತ್ತಿನಿಂದ ಮನೆಯಲ್ಲಿ ನಿನ್ನನ್ನು ಯಾರೂ ನಿನ್ನ ಹೆಸರಿನಿಂದ ಕರೆದಿಲ್ಲ.

ನೀನು ಆಡಿದ್ದೀಯಾ ಎಂದು ಕೇಳಿದೆ. ಕೇಳಿಸಿಕೋ.

ನಾನು ಓಡುತ್ತಿದ್ದರೆ ಮಾತ್ರ ನೀನು ಕಾಣಿಸುತ್ತಿದ್ದೆ. ನಿಂತರೆ ಇಲ್ಲ. ಒಂದು ಸಲ ಮೂರನೆಯ ಸುತ್ತಿಗೆ ಮುಂದೆ ನಿಂತೆ. ಅದು ಮೇಲೆದ್ದು ದಾರಿ ಬಿಡುವ ತನಕ ಕಾಯಬೇಕು, ಆಟದ ನಿಯಮವೇ ಅದು. ಮಸುಕು ಹೋಯಿತು. ನೀನು ಕೀಬೋರ್ಡ್ ಬಿಟ್ಟು ನನ್ನ ತೋಳು ಹಿಡಿದುಕೊಂಡು, "ಅಕ್ಕಾ, ನಾನೆಲ್ಲಿ ಹೋದೆ?" ಎಂದೆ. ಆ ದನಿ ನನಗೆ ಇವತ್ತಿಗೂ ಕೇಳಿಸುತ್ತದೆ. ಆಮೇಲೆ ನಾನು ನಿಲ್ಲಲಿಲ್ಲ. ಸುತ್ತಿಗೆ ಕೆಳಗೆ ಹೋಗುತ್ತೇನೆ ಎಂದು ಗೊತ್ತಿದ್ದೇ ಓಡಿದೆ, ಪ್ರತಿ ಸಲ. ಅಪ್ಪ ಹಿಂದೆ ಕೂತು, "ನಿಲ್ಲೇ, ಒಂದು ಗಳಿಗೆ ನಿಲ್ಲೇ" ಎನ್ನುತ್ತಿದ್ದರು. ಅವರಿಗೂ ನಾನು ದುಡುಕಿಯಾಗೇ ಉಳಿದೆ. ಹೀಗಿರುವಾಗ ಆ ಆಟ ಆಡಿದ್ದು ನಾನೊಬ್ಬಳೇ ಎಂದು ಹೇಗೆ ಹೇಳಲಿ?

ಇನ್ನು ರಜೆ. ಸಿಗಲಿಲ್ಲ ಎಂದು ಬರೆಯೋಣ ಎಂದುಕೊಂಡು ಕಾಗದ ತೆಗೆದುಕೊಂಡೆ. ಸಿಕ್ಕಿದೆ. ಬರುವುದಿಲ್ಲ. ಕೇಂದ್ರದಿಂದ ಕೇಂದ್ರಕ್ಕೆ, ಕೇಳಿದ ಕಡೆಗೆಲ್ಲ ಎದ್ದು ಹೋದವಳು ನಾನು, ಎಲ್ಲಿಯೂ ಬೇರೂರಲಿಲ್ಲ. ಅಪ್ಪ ಹೋದಾಗ ದೋಣಿ ಹೊರಡಲಿಲ್ಲ. ನಾನು ಬಂದಾಗ ಎಲ್ಲ ಮುಗಿದಿತ್ತು. ಬಾಗಿಲಲ್ಲಿ ನಿಂತು ನೀನು, "ನೀನು ಯಾವಾಗ್ಲೂ ಮುಗಿದ ಮೇಲೇ ಬರ್ತೀಯ" ಎಂದೆ. ನಿನ್ನ ಮೇಲೆ ಕೋಪವಿಲ್ಲ. ಆದರೆ ಆ ಬಾಗಿಲು ತೆಗೆದು ಖಾಲಿ ಕುರ್ಚಿಯ ಎದುರು ನಿಲ್ಲಬೇಕಲ್ಲ, ಅದು ನನ್ನ ಕೈಲಾಗುವುದಿಲ್ಲ. ಇಲ್ಲಿ ಒಂಟಿತನ ಇದೆ, ಬೇಕಾದಷ್ಟು ಇದೆ, ಆದರೆ ಕೆಲಸವೂ ಇದೆ.

ಆಸ್ಪತ್ರೆಯ ಮಾನಿಟರನ್ನೇ ಇಟ್ಟುಕೋ. ಕಣ್ಣಿಗೆ ಒಳ್ಳೆಯದು.

ಅಕ್ಕ


ನವೆಂಬರ್ 21

ಅಕ್ಕಾ,

ನಿನ್ನ ಕಾಗದವನ್ನು ನನ್ನ ಅಂಗಡಿಯಲ್ಲೇ ಓದಿದೆ. ಗಿರಾಕಿಯೊಬ್ಬರು ಕನ್ನಡಕಕ್ಕೆ ಕಾಯುತ್ತಾ ಕೂತಿದ್ದರು. ಧೂಳು ಬಿತ್ತು ಎಂದು ಕಣ್ಣೊರೆಸಿಕೊಂಡರೆ, ಗಾಜು ಉಜ್ಜುವವರು ಹುಷಾರಾಗಿರಬೇಕಪ್ಪ ಎಂದು ಬುದ್ಧಿ ಹೇಳಿದರು.

ಆಮೇಲೆ ಗ್ಯಾರಂಟಿಯಣ್ಣನ ಹತ್ತಿರ ಹೋಗಿ ಆಸ್ಪತ್ರೆಯ ಮಾನಿಟರ್ ವಾಪಸು ಇಟ್ಟು, ಆ ಹಳದಿಯದೇ ಬೇಕು ಎಂದೆ. ಇನ್ನೂ ನಿಧಾನದ್ದು, ಇನ್ನೂ ಉದ್ದ ಬಾಲ ಬಿಡುವುದು ಇದ್ದರೆ ಅದನ್ನೂ ತೋರಿಸು ಎಂದೆ. ನಾಲ್ಕು ತೆಗೆದು ಸಾಲಾಗಿ ಹಚ್ಚಿದೆವು. ಮೌಸ್ ಎಳೆದು ಎಳೆದು ನೋಡಿದೆವು. ಒಂದರ ಬಾಲ ತೀರಾ ಮೋಟು. ಒಂದರದು ನೀಲಿ, ನನ್ನವನು ನೀಲಿ ಇರಲಿಲ್ಲ. ಒಂದರ ದೀಪ ಮಿಣಮಿಣ. ಕಡೆಗೆ ಮೊದಲಿನ ಹಳದಿಯದೇ ಗೆದ್ದಿತು. ಜನ ಸ್ಪಷ್ಟ ಕಾಣುವುದನ್ನು ಕೇಳಿಕೊಂಡು ಬರುತ್ತಾರೆ, ನೀವೊಬ್ಬರು ಮಸುಕು ಹುಡುಕಿಕೊಂಡು ಬಂದಿರಿ ಎಂದು ಅವನಿಗೆ ನಗು. ಇಷ್ಟು ಕೆಟ್ಟದ್ದನ್ನು ಮಾರಿದ್ದು ತಿಳಿದರೆ ನನ್ನ ಮರ್ಯಾದೆ ಹೋಗುತ್ತದೆ, ಯಾರಿಗೂ ಹೇಳಬೇಡಿ ಎಂದ.

ಮುರಿದ ಸ್ಟ್ಯಾಂಡಿಗೆ ಮರದ ತುಂಡು ಕೊಟ್ಟು ಮೇಜಿನ ಮೇಲೆ ಇಟ್ಟೆ. ಬೆಳಕು ಬರುವಷ್ಟರಲ್ಲಿ ಕಾಫಿ ಮಾಡಿಕೊಂಡು ಬಂದೆ. ಆಟ ಹಾಕಿದೆ. ಅಕ್ಕಾ, ಅವನು ಇದ್ದ. ನಿನ್ನ ಹಿಂದೆ, ಮಂದ ಲಾಟೀನು ಹಿಡಿದುಕೊಂಡು, ಹಾಗೇ ಓಡಿಬಂದ.

ಮೂರನೆಯ ಸುತ್ತಿಗೆ ತನಕ ಹೋದೆ. ಹೋಗಿ, ನಿಂತೆ. ನಿನಗೆ ಆಗದೇ ಹೋದದ್ದನ್ನು ನಿನ್ನ ಬದಲಿಗೆ ಮಾಡಿ ನೋಡೋಣ ಎಂದು ಕಣ್ಣು ಮಿಟುಕಿಸದೆ ನೋಡಿದೆ. ಮತ್ತೆ ಓಡಿ, ಮತ್ತೆ ನಿಂತೆ. ನಾವಿಬ್ಬರೂ ತಪ್ಪು ತಿಳಿದುಕೊಂಡಿದ್ದೆವು. ನೀನು ನಿಂತರೆ ನಾನು ಮಾಯವಾಗುವುದಿಲ್ಲ. ಹಿಂದೆ ಬಿದ್ದವನು ಬಂದು ನಿನ್ನನ್ನು ಸೇರುತ್ತಾನೆ, ಅಷ್ಟೇ. ಎರಡು ಲಾಟೀನು ಒಂದಾಗುತ್ತದೆ, ಅದಕ್ಕೇ ಬೇರೆ ಕಾಣುವುದಿಲ್ಲ. ಐದು ವರ್ಷದವನಿಗೆ ಅದು ತಿಳಿಯಲಿಲ್ಲ. ನಿನಗೂ ತಿಳಿಯಲಿಲ್ಲ, ನೀನು ಆಗ ಪರದೆ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದೆ.

ಸುತ್ತಿಗೆ ಮೇಲೆದ್ದು ದಾರಿ ಬಿಟ್ಟಿತು. ದಾಟಲಿಲ್ಲ, ಅಲ್ಲೇ ಆರಿಸಿದೆ.

ಬಾಗಿಲಲ್ಲಿ ಆಡಿದ ಆ ಮಾತು ಬಿಡು. ನೀನು ಬರಬೇಡ. ಇರುವ ಕಡೆ ಇರು, ಈ ಡಿಸೆಂಬರಿನಲ್ಲಿ ಮಾತ್ರ ಇನ್ನೊಂದು ಕೇಂದ್ರಕ್ಕೆ ಕೇಳಿಕೊಂಡು ಹೋಗಿಬಿಡಬೇಡ. ಅಂಗಡಿಗೆ ಬೀಗ ಹಾಕಿ ತಿಂಗಳ ಮೊದಲ ದೋಣಿಗೆ ನಾನೇ ಬರುತ್ತೇನೆ. ಕಂಪ್ಯೂಟರ್ ಪೆಟ್ಟಿಗೆಗೆ ಹೋಯಿತು, ಮಾನಿಟರನ್ನು ಅಪ್ಪನ ಹೊದಿಕೆಯಲ್ಲಿ ಸುತ್ತಿ ಆಗಿದೆ. ದೋಣಿಯವರು ಸಾಮಾನಿಗೆ ಬೇರೆ ಚೀಟಿ ಮಾಡಿಸಬೇಕು ಎಂದರು. ಏನು ಸಾಮಾನು ಎಂದು ಬರೆಯಲಿ ಎಂದು ಕೇಳಿದರೆ ಬಾಲ ಎಂದುಬಿಡುತ್ತಿದ್ದೆ, ಬಾಯಿ ಬಿಗಿ ಹಿಡಿದೆ.

ಬೇಡ ಎಂದು ಬರೆದರೂ ಆ ಕಾಗದ ನನ್ನ ಕೈ ಸೇರುವ ಮೊದಲೇ ಹೊರಟಿರುತ್ತೇನೆ.

ನಿನ್ನ
ಬಾಲ


ನವೆಂಬರ್ 29

ಬಾಲಾ,

ಬೇಡ ಎಂದು ಬರೆಯುತ್ತಿಲ್ಲ. ಈ ದೋಣಿ ಇವತ್ತೇ ವಾಪಸು ಹೊರಡುತ್ತದೆ, ನೀನು ಹತ್ತುವ ಮೊದಲೇ ಇದು ಸಿಗಬೇಕು.

ದೋಣಿ ಏರುವ ಮುಂಚೆ ಹೊಟ್ಟೆ ತುಂಬ ತಿನ್ನಬೇಡ. ದಡ ಹತ್ತುವ ಕಡೆ ಕಲ್ಲು ಜಾರುತ್ತದೆ, ಮಾನಿಟರ್ ನೀನು ಹಿಡಿದುಕೊಳ್ಳಬೇಡ, ಹಗ್ಗ ಕಟ್ಟಿ ಮೇಲೆ ಎಳೆದುಕೊಳ್ಳುತ್ತೇನೆ. ಉಣ್ಣೆಯ ಅಂಗಿ ತಾ. ಇಲ್ಲಿ ಕರೆಂಟು ಸಂಜೆ ಮಾತ್ರ, ಅಷ್ಟು ಸಾಕು. ಮೇಸ್ತ್ರಿ ಬಿಟ್ಟುಹೋದ ಸ್ಟೂಲನ್ನು ಮೇಜಿನ ಪಕ್ಕಕ್ಕೆ ತಂದಿಟ್ಟಿದ್ದೇನೆ. ಇವತ್ತು ರೇಡಿಯೋದಲ್ಲಿ ಮೋಡ ಓದಿ ಮುಗಿಸಿದ ಮೇಲೆ, ನಮ್ಮ ಹುಡುಗ ಬರುತ್ತಾನೆ ಎಂದು ಹೇಳಿಬಿಟ್ಟೆ. ಆ ಕಡೆಯವನು ಯಾವ ದೋಣಿಗೆ ಎಂದು ಕೇಳಿ, ಆ ದಿನ ಗಾಳಿ ಕಡಿಮೆ ಇರತ್ತೆ ಮೇಡಂ ಎಂದ.

ಕೀಬೋರ್ಡ್ ಎರಡನ್ನೂ ತಾ. ತಂತಿ ಕತ್ತರಿಸಿದ ಬಿಳಿಯದನ್ನು ಮರೆಯಬೇಡ. ಈ ಸಲ ಅದು ನನಗೆ.

ಅಕ್ಕ